ಮಾರ್ಟಿನ್ ಬಿಕ್ನೆಲ್: ಸರ್ರೆಯ ಫಾಸ್ಟ್-ಮೀಡಿಯಂ ಬೌಲರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

2022ರ ಡಿಸೆಂಬರ್‌ನಲ್ಲಿ ಭಾರತದ ಬೌಲರ್ ಜಯದೇವ್ ಉನಾದ್ಕತ್ 12 ವರ್ಷದ ನಂತರ ಟೆಸ್ಟ್ ಆಡಿದಾಗ ಒಂದು ಪಟ್ಟಿ ಎಲ್ಲೆಡೆ ಓಡಾಡಿತು. ಎರಡು ಟೆಸ್ಟ್‌ಗಳ ನಡುವೆ ಅತಿ ಹೆಚ್ಚು ಪಂದ್ಯ ಹೊರಗೆ ಕೂತವರು ಯಾರು ಅನ್ನುವ ಪಟ್ಟಿ. ಅದರಲ್ಲಿ ಉನಾದ್ಕತ್ ಹೆಸರಿನ ಕೆಳಗೆ ಒಬ್ಬ ಇಂಗ್ಲಿಷ್‌ನವರ ಹೆಸರಿತ್ತು: ಎಂ. ಪಿ. ಬಿಕ್ನೆಲ್. ಆಗಿನಿಂದ ಕ್ರಿಕೆಟ್ ಮಾತು ಬಂದಲ್ಲೆಲ್ಲ ನನಗೆ ಇವರ ಬಗ್ಗೆ ಒಂದಲ್ಲ ಒಂದು ಪ್ರಶ್ನೆ ಬರುತ್ತಲೇ ಇದೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ.

## ಮೊದಲು ಮೇಲುಮೇಲಿನ ಸಂಗತಿ

ಯಾರ್ರೀ ಈ ಬಿಕ್ನೆಲ್? ಹೆಸರೇ ಕೇಳಿಲ್ವಲ್ಲ!

ಕೇಳದೇ ಇರುವುದು ಸಹಜ. ಅವರು ಆಡಿದ್ದು ನಾಲ್ಕೇ ಟೆಸ್ಟ್, ಅದೂ ಎಲ್ಲ ಇಂಗ್ಲೆಂಡಿನಲ್ಲೇ. ಮಾರ್ಟಿನ್ ಬಿಕ್ನೆಲ್ ಹುಟ್ಟಿದ್ದು 1969ರ ಜನವರಿ 14ರಂದು, ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನಲ್ಲಿ. 1986ರಿಂದ 2006ರವರೆಗೆ ಸರ್ರೆ ಕೌಂಟಿಗೆ ಬೌಲಿಂಗ್ ಮಾಡಿದರು. ಬೇರೆ ಕೌಂಟಿಗೆ ಹೋಗಲೇ ಇಲ್ಲ. ಪ್ರಥಮ ದರ್ಜೆಯಲ್ಲಿ, ಅಂದರೆ ಹಲವು ದಿನ ನಡೆಯುವ ದೊಡ್ಡ ಮಟ್ಟದ ಪಂದ್ಯಗಳಲ್ಲಿ, 292 ಪಂದ್ಯ, 1061 ವಿಕೆಟ್, ಸರಾಸರಿ ವಿಕೆಟ್ಟಿಗೆ 25 ರನ್ನಿನ ಆಸುಪಾಸು. ಎತ್ತರದ ಆಳು, ಬಲಗೈ ಬೌಲರ್. ಜೊತೆಗಾರರು ಕರೆಯುತ್ತಿದ್ದದ್ದು 'ಬಿಕರ್ಸ್' ಎಂದು.

ಕೌಂಟಿ ಅಂದ್ರೆ ನಮ್ಮ ರಣಜಿ ಥರಾನೇ ಅಲ್ವಾ?

ಹೌದು, ಅಲ್ಲ, ಎರಡೂ. ಅಲ್ಲಿನ ದೊಡ್ಡ ದೇಶೀ ಟೂರ್ನಿ ಅನ್ನುವ ಮಟ್ಟಿಗೆ ಹೌದು. ಆದರೆ ರಣಜಿಯಲ್ಲಿ ನಾಕೌಟ್, ಸೆಮಿಫೈನಲ್, ಫೈನಲ್ ಇದೆ. ಕೌಂಟಿ ಚಾಂಪಿಯನ್‌ಶಿಪ್‌ನಲ್ಲಿ ಫೈನಲ್ ಅಂತ ಇಲ್ಲವೇ ಇಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆಡಬೇಕು, ಕೊನೆಗೆ ಪಾಯಿಂಟ್ ಯಾರಿಗೆ ಜಾಸ್ತಿಯೋ ಅವರೇ ಚಾಂಪಿಯನ್.

ಟೂರ್ನಿ ಅಧಿಕೃತವಾಗಿ ಶುರುವಾಗಿದ್ದು 1890ರಲ್ಲಿ. ಈಗ 18 ಕೌಂಟಿಗಳಿವೆ. ಕೊನೆಗೆ ಸೇರಿದ್ದು ಡರ್ಹಮ್, 1992ರಲ್ಲಿ. ಪಂದ್ಯಗಳೆಲ್ಲ ನಾಲ್ಕು ದಿನದ್ದಾಗಿದ್ದು 1993ರಲ್ಲಿ, ಎರಡು ಡಿವಿಷನ್ ಬಂದಿದ್ದು 2000ದಲ್ಲಿ. ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಆಟಗಾರ ಕ್ಲಬ್ಬಿನ ನೌಕರ. ಕ್ರಿಕೆಟ್ಟೇ ಅವನ ಡ್ಯೂಟಿ. ನಮ್ಮಲ್ಲಿ ಬಹಳ ಕಾಲ ರಣಜಿ ಆಟಗಾರ ಬ್ಯಾಂಕಿನಲ್ಲೋ ರೈಲ್ವೆಯಲ್ಲೋ ಕೆಲಸದಲ್ಲಿದ್ದು ರಜೆ ಹಾಕಿ ಆಡಲು ಬರುತ್ತಿದ್ದ.

ಸರ್ರೆ ಅಂದ್ರೆ ಓವಲ್ ಅಲ್ವಾ? ಓವಲ್ ಇರೋದು ಲಂಡನ್‌ನಲ್ಲಿ ತಾನೇ?

ಈ ಗೊಂದಲ ಎಲ್ಲರಿಗೂ ಇದೆ. ಓವಲ್ ಮೈದಾನ ಇರುವುದು ದಕ್ಷಿಣ ಲಂಡನ್ನಿನ ಕೆನ್ನಿಂಗ್ಟನ್‌ನಲ್ಲಿ. ಮೊದಲು ಆ ಜಾಗ ಸರ್ರೆಯ ಭಾಗವೇ ಆಗಿತ್ತು. ಲಂಡನ್ ಬೆಳೆದು ಅದನ್ನು ಒಳಗೆ ಹಾಕಿಕೊಂಡಿತು. ಕ್ಲಬ್ ಮಾತ್ರ ಅಲ್ಲೇ ಉಳಿಯಿತು. ಈಗಿನ ಸರ್ರೆ ಜಿಲ್ಲೆ ನೈಋತ್ಯಕ್ಕಿದೆ, ಗಿಲ್ಡ್‌ಫರ್ಡ್ ಇರುವುದು ಅಲ್ಲಿ. ಊರಿನವರಿಗೂ ಆಟ ಕಾಣಲಿ ಎಂದು ಬೇಸಿಗೆಯಲ್ಲಿ ಒಂದು ಪಂದ್ಯವನ್ನು ಗಿಲ್ಡ್‌ಫರ್ಡಿನ ವುಡ್‌ಬ್ರಿಡ್ಜ್ ರಸ್ತೆ ಮೈದಾನಕ್ಕೆ ಒಯ್ಯುತ್ತಿದ್ದರು. ಬಿಕ್ನೆಲ್ ಬದುಕಿನ ಅತಿ ದೊಡ್ಡ ಪಂದ್ಯ ನಡೆದದ್ದು ಆ ಪುಟ್ಟ ಮೈದಾನದಲ್ಲೇ. ಅದರ ಕತೆ ಕೆಳಗಿದೆ.

ಫಾಸ್ಟ್-ಮೀಡಿಯಂ, ಮೀಡಿಯಂ-ಫಾಸ್ಟ್ ಎರಡೂ ಒಂದೇನಾ?

ಒಂದೇ ಅಲ್ಲ. ಮೊದಲು ಯಾವ ಪದ ಬರುತ್ತದೋ ಅದರದ್ದೇ ಜೋರು. ಫಾಸ್ಟ್-ಮೀಡಿಯಂ ಅಂದರೆ ಪೂರ್ತಿ ಫಾಸ್ಟ್ ಅಲ್ಲದಿದ್ದರೂ ಅದರ ಹತ್ತಿರದ್ದು, ಸುಮಾರು ಗಂಟೆಗೆ 130 ಕಿ.ಮೀ. ಮೀಡಿಯಂ-ಫಾಸ್ಟ್ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಗೆರೆ ಕೊರೆದ ಹಾಗೆ ಲೆಕ್ಕ ಏನೂ ಇಲ್ಲ. ಸ್ಪೀಡ್ ಗನ್ ಬರುವ ಮೊದಲು ವಿಕೆಟ್ ಕೀಪರ್ ಸ್ಟಂಪಿನಿಂದ ಎಷ್ಟು ಹಿಂದೆ ನಿಂತಿದ್ದಾನೆ ಅನ್ನುವುದೇ ಅಳತೆಗೋಲು.

130ರ ಸ್ಪೀಡಿಗೆ ಸಾವಿರ ವಿಕೆಟ್ ಹೇಗೆ ಬೀಳುತ್ತೆ ಸ್ವಾಮಿ?

ಸ್ಪೀಡಿಗೆ ಬೀಳುವುದಿಲ್ಲ, ಚೆಂಡು ಗಾಳಿಯಲ್ಲೇ ತಿರುಗುವುದಕ್ಕೆ ಬೀಳುತ್ತದೆ. ಅದೇ ಸ್ವಿಂಗ್. ಇಂಗ್ಲೆಂಡಿನಲ್ಲಿ ಬಳಸುವುದು ಡ್ಯೂಕ್ಸ್ ಚೆಂಡು. ಕೈಹೊಲಿಗೆಯದು, ಹೊಲಿಗೆಯ ದಾರ ಎದ್ದು ನಿಂತಿರುತ್ತದೆ, ಬೆರಳಿಟ್ಟರೆ ಒತ್ತುತ್ತದೆ. ಹೊಳಪು ಬೇಗ ಹೋಗುವುದಿಲ್ಲ. ಮೇಲೆ ಮೋಡ, ಕೆಳಗೆ ಹಸಿರು ಪಿಚ್ ಇದ್ದರೆ 40 ಓವರ್ ಹಳೆಯದಾದ ಮೇಲೂ ಸ್ವಿಂಗ್ ಆಗುತ್ತದೆ.

ಸ್ವಲ್ಪ ಹತ್ತಿರದಿಂದ ನೋಡೋಣ. ತೋರುಬೆರಳು, ನಡುಬೆರಳು ಹೊಲಿಗೆಯ ಎರಡೂ ಪಕ್ಕ, ಹೆಬ್ಬೆರಳು ಕೆಳಗೆ. ಹೊಲಿಗೆಯ ಮೂತಿ ಸ್ಲಿಪ್ ಕಡೆ ಕೊಂಚ ವಾಲಿರಬೇಕು. ಚೆಂಡು ಬಿಡುವಾಗ ಮಣಿಕಟ್ಟು ನೆಟ್ಟಗೆ ಚೆಂಡಿನ ಹಿಂದೆ ಇರಬೇಕು, ಒಂದು ಕಡೆ ಒರಗಿದರೆ ಹೊಲಿಗೆ ಅಡ್ಡಾದಿಡ್ಡಿ ತಿರುಗಿ ಸ್ವಿಂಗ್ ಸತ್ತುಹೋಗುತ್ತದೆ. ಸರಿಯಾಗಿ ಬಿಟ್ಟ ಚೆಂಡು ಆಫ್ ಸ್ಟಂಪಿಗೆ ಬರುವ ಹಾಗೆ ಕಾಣುತ್ತದೆ. ಬ್ಯಾಟ್ಸ್‌ಮನ್ ಆಡಲೇಬೇಕು. ಬ್ಯಾಟು ಇಳಿಯುವ ಹೊತ್ತಿಗೆ ಚೆಂಡು ಒಂದೆರಡು ಇಂಚು ಆಚೆ ಸರಿದಿರುತ್ತದೆ. ಅಷ್ಟು ಸಾಕು. ಬಿಕ್ನೆಲ್‌ಗೆ ಹುಟ್ಟಿನಿಂದ ಬಂದಂತಿದ್ದದ್ದು ಈ ಔಟ್‌ಸ್ವಿಂಗರ್. ಅದೂ ತಡವಾಗಿ ತಿರುಗುವಂಥದ್ದು. ಬರೀ ಮೂರು ನಾಲ್ಕು ಚೆಂಡಲ್ಲ, ಬೆಳಗ್ಗೆಯಿಂದ ಸಂಜೆವರೆಗೆ ಅದೇ ಜಾಗಕ್ಕೆ ಹಾಕುತ್ತಿದ್ದರು.

ಒಂದು ಸೀಸನ್ನಿಗೆ ಎಷ್ಟು ಆಡ್ಬೇಕಿತ್ತು?

ಕೇಳಿದರೆ ಸುಸ್ತಾಗುತ್ತದೆ. 1993ರಲ್ಲಿ ಒಂದೊಂದು ಕೌಂಟಿಗೂ 17 ನಾಲ್ಕು ದಿನದ ಪಂದ್ಯ. ಅದರ ಜೊತೆಗೆ ಸಂಡೇ ಲೀಗ್, ಬೆನ್ಸನ್ ಅಂಡ್ ಹೆಜಸ್ ಕಪ್, ನ್ಯಾಟ್‌ವೆಸ್ಟ್ ಟ್ರೋಫಿ. ನಾಲ್ಕು ದಿನದ ಪಂದ್ಯದ ನಡುವೆಯೇ ಭಾನುವಾರದ ಒಂದು ದಿನದ ಪಂದ್ಯವೂ ಬರುತ್ತಿತ್ತು. ಗುರುವಾರ ಶುರು ಮಾಡಿ, ಭಾನುವಾರ ಬಣ್ಣದ ಬಟ್ಟೆ ಹಾಕಿ ಇನ್ನೊಂದು ಪಂದ್ಯ ಆಡಿ, ಸೋಮವಾರ ಮತ್ತೆ ಬಿಳಿ ಬಟ್ಟೆ ಹಾಕಿಕೊಂಡು ನಿಲ್ಲುವುದು. ಸಂಜೆ ಕಾರು ಹತ್ತಿ ಮುಂದಿನ ಊರು. ಬೌಲರ್‌ಗಳೇ ಕಾರು ಓಡಿಸಿಕೊಂಡು ಹೋಗುತ್ತಿದ್ದ ಕಾಲ ಅದು. ಅದನ್ನು 21 ಸೀಸನ್ ಮಾಡುವುದು ಅಂದರೆ ಆ ಮಂಡಿಗಳಿಗೆ ಕೈಮುಗಿಯಬೇಕು.

ದುಡ್ಡು ಚೆನ್ನಾಗಿ ಸಿಗ್ತಿತ್ತಾ?

ಐಪಿಎಲ್ ಕಣ್ಣಲ್ಲಿ ನೋಡಿದರೆ ಚಿಲ್ಲರೆ. ಬಹಳಷ್ಟು ಆಟಗಾರರಿಗೆ ಬೇಸಿಗೆಯ ಆರು ತಿಂಗಳಿಗೆ ಮಾತ್ರ ಸಂಬಳ. ಚಳಿಗಾಲದಲ್ಲಿ ಕೆಲವರು ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗೆ ಹೋಗಿ ಕ್ಲಬ್ ಕ್ರಿಕೆಟ್ ಆಡುತ್ತಿದ್ದರು, ಕೆಲವರು ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದರು. ಚೆನ್ನಾಗಿ ಆಡಿದವರಿಗೆ ಕೌಂಟಿ 'ಕ್ಯಾಪ್' ಕೊಡುತ್ತದೆ. ಅಂದರೆ ಇನ್ನು ನೀನು ಖಾಯಂ ಅನ್ನುವ ಮುದ್ರೆ. ಬಹಳ ವರ್ಷ ದುಡಿದವರಿಗೆ 'ಬೆನಿಫಿಟ್' ಅಂತ ಒಂದು ವರ್ಷ ಬಿಟ್ಟುಕೊಡುತ್ತಾರೆ. ಆ ವರ್ಷ ಊಟದ ಕೂಟ, ಹರಾಜು, ಗೆಳೆಯರ ಪಂದ್ಯ ನಡೆಸಿ ಬಂದ ಹಣ ಅವರಿಗೇ. ಕೌಂಟಿ ಆಟಗಾರನಿಗೆ ಮನೆ ಸಾಲ ತೀರುತ್ತಿದ್ದದ್ದು ಹೆಚ್ಚಾಗಿ ಅದರಿಂದಲೇ.

## ಇಪ್ಪತ್ತು ವರ್ಷದ ಓಟ

ಎಷ್ಟನೇ ವಯಸ್ಸಿಗೆ ಟೀಮಿಗೆ ಬಂದ್ರು?

17ಕ್ಕೆ, 1986ರಲ್ಲಿ. ಇಂಗ್ಲೆಂಡಿನ ಹಳೆಯ ಸ್ವಿಂಗ್ ಬೌಲರ್ ಜೆಫ್ ಆರ್ನಾಲ್ಡ್ ಸರ್ರೆಯಲ್ಲಿ ಕೋಚ್ ಆಗಿದ್ದರು. ಸ್ವಿಂಗ್ ಬೌಲರ್ ಆಗುವ ಹುಡುಗನಿಗೆ ಅದಕ್ಕಿಂತ ಒಳ್ಳೆ ಗುರು ಸಿಗುವುದು ಕಷ್ಟ. 1988ರಲ್ಲಿ ಕೇಂಬ್ರಿಡ್ಜ್ ಯೂನಿವರ್ಸಿಟಿ ವಿರುದ್ಧ 45 ರನ್ನಿಗೆ 9 ವಿಕೆಟ್ ತೆಗೆದರು. ಅಂಕಿ ಅಂಶದಲ್ಲಿ ಅವರ ಅತ್ಯುತ್ತಮ ಬೌಲಿಂಗ್ ಅದೇ. ಆದರೆ ಎದುರಿದ್ದವರು ವಿದ್ಯಾರ್ಥಿಗಳು, ಹಾಗಾಗಿ ನಾನದನ್ನು ಜಾಸ್ತಿ ಲೆಕ್ಕಕ್ಕೆ ಇಡುವುದಿಲ್ಲ.

1990-91ರ ಆಸ್ಟ್ರೇಲಿಯಾ ಪ್ರವಾಸಕ್ಕೆ ಇಂಗ್ಲೆಂಡ್ ತಂಡದಲ್ಲಿ ಸೇರಿದರು. ಅಲ್ಲಿ, ನ್ಯೂಜಿಲೆಂಡಿನಲ್ಲಿ ಸೇರಿ 7 ಏಕದಿನ ಪಂದ್ಯ ಆಡಿದರು. ಟೆಸ್ಟ್ ಸಿಗಲಿಲ್ಲ. ಆಗ ಸರ್ರೆಯಲ್ಲಿ ಇನ್ನೊಂದು ತುದಿಯಿಂದ ಓಡಿ ಬರುತ್ತಿದ್ದವರು ಪಾಕಿಸ್ತಾನದ ವಕಾರ್ ಯೂನಿಸ್. ಜನ ನೋಡಲು ಬರುತ್ತಿದ್ದದ್ದು ವಕಾರ್ ಯಾರ್ಕರ್, ಬ್ಯಾಟ್ಸ್‌ಮನ್ ಕಾಲಬುಡಕ್ಕೇ ಬೀಳುವ ಚೆಂಡು.

ಡ್ಯಾರೆನ್ ಬಿಕ್ನೆಲ್ ಅಂತ ಒಬ್ರಿದ್ರಲ್ಲ, ಅವರೇನಾಗ್ಬೇಕು?

ಅಣ್ಣ. ಮಾರ್ಟಿನ್‌ಗಿಂತ ಒಂದೂವರೆ ವರ್ಷ ದೊಡ್ಡವರು, ಎಡಗೈ ಓಪನರ್. ಇಬ್ಬರೂ ಸರ್ರೆಯಲ್ಲಿ ಒಟ್ಟಿಗೆ ಬೆಳೆದರು. ಡ್ಯಾರೆನ್ 2000ದಲ್ಲಿ ನಾಟಿಂಗ್‌ಹ್ಯಾಮ್‌ಶೈರ್‌ಗೆ ಹೋದರು. ಇಬ್ಬರೂ ಆಟ ಬಿಟ್ಟಿದ್ದು ಮಾತ್ರ ಒಂದೇ ವರ್ಷ, 2006ರಲ್ಲಿ.

1993ರ ಟೆಸ್ಟ್‌ನಲ್ಲಿ ಅಷ್ಟೊಂದು ಕೆಟ್ಟದಾಗಿ ಆಡಿದ್ರಾ?

ಕೆಟ್ಟದಾಗಿ ಆಡಿದ್ದು ಇಡೀ ಇಂಗ್ಲೆಂಡ್. ಹೆಡಿಂಗ್ಲಿ ಮೈದಾನದಲ್ಲಿ ಆ್ಯಶಸ್‌ನ (ಇಂಗ್ಲೆಂಡ್-ಆಸ್ಟ್ರೇಲಿಯಾ ಟೆಸ್ಟ್ ಸರಣಿ) ನಾಲ್ಕನೇ ಟೆಸ್ಟ್. ಆಸ್ಟ್ರೇಲಿಯಾ 4 ವಿಕೆಟ್‌ಗೆ 653 ಹೊಡೆದು ಡಿಕ್ಲೇರ್ ಮಾಡಿತು. ಬಾರ್ಡರ್ ಔಟಾಗದೆ 200, ಸ್ಟೀವ್ ವಾ ಔಟಾಗದೆ 157. ಮೊದಲ ಟೆಸ್ಟ್ ಆಡುತ್ತಿದ್ದ ಬಿಕ್ನೆಲ್ 50 ಓವರ್ ಹಾಕಿ 155 ರನ್ ಕೊಟ್ಟರು, ಸಿಕ್ಕಿದ್ದು ಮಾರ್ಕ್ ಟೇಲರ್ ಒಬ್ಬರ ವಿಕೆಟ್.

ಆ 50 ಓವರನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. 300 ಚೆಂಡು. ಒಂದು ದಿನದ ಪಂದ್ಯದ ಇಡೀ ಇನಿಂಗ್ಸ್ ಒಬ್ಬರೇ ಬೌಲ್ ಮಾಡಿದ ಹಾಗೆ. ಓವರಿಗೆ ಮೂರರ ಲೆಕ್ಕದಲ್ಲಿ ರನ್ ಕೊಟ್ಟಿದ್ದಾರೆ, ಅಂದರೆ ಹಿಡಿತ ತಪ್ಪಿಲ್ಲ. ಬರೀ ವಿಕೆಟ್ ಇಲ್ಲ. ಪಂದ್ಯ ಇನಿಂಗ್ಸ್ ಸೋಲು. ನಾಯಕ ಗ್ರಹಾಂ ಗೂಚ್ ಅಲ್ಲೇ ರಾಜೀನಾಮೆ ಕೊಟ್ಟರು. ಮುಂದಿನ ಎಜ್‌ಬಾಸ್ಟನ್ ಟೆಸ್ಟ್‌ಗೆ ಮೈಕ್ ಅಥರ್ಟನ್ ನಾಯಕ. ಅಲ್ಲಿ ಬಿಕ್ನೆಲ್‌ಗೆ 3 ವಿಕೆಟ್, ಇಂಗ್ಲೆಂಡಿಗೆ ಮತ್ತೆ ಸೋಲು. ಕೊನೆಯ ಓವಲ್ ಟೆಸ್ಟ್‌ನಲ್ಲಿ ಅವರಿರಲಿಲ್ಲ. ಫ್ರೇಸರ್, ಮಾಲ್ಕಮ್, ವಾಟ್ಕಿನ್ ಬೌಲ್ ಮಾಡಿದರು, ಇಂಗ್ಲೆಂಡ್ ಗೆದ್ದಿತು. ಗ್ರಹಚಾರ ಅಂದರೆ ಇದೇ ಇರಬೇಕು.

ಆಮೇಲೆ ಹತ್ತು ವರ್ಷ ಯಾಕೆ ಕರೀಲಿಲ್ಲ? ಯಾರದ್ದಾದ್ರೂ ದ್ವೇಷಾನಾ?

ದ್ವೇಷದ ಕತೆ ಚೆನ್ನಾಗಿರುತ್ತದೆ, ಆದರೆ ನನಗೆ ಹಾಗೆ ಕಾಣುವುದಿಲ್ಲ. ಮೂರು ನಾಲ್ಕು ಕಾರಣ ಸೇರಿಕೊಂಡವು.

ಮೊದಲನೆಯದು ಗಾಯ. ಟೆಸ್ಟ್ ಆಡಿದ ಮುಂದಿನ ವರ್ಷಗಳಲ್ಲಿ ಮಂಡಿ, ಭುಜ ಕಾಡಿದವು. ಆ ಹೊತ್ತಿಗೆ ಡ್ಯಾರೆನ್ ಗಾಫ್ 1994ರಲ್ಲಿ, ಡೊಮಿನಿಕ್ ಕಾರ್ಕ್ 1995ರಲ್ಲಿ ಬಂದರು. ಕಾರ್ಕ್ ಮೊದಲ ಟೆಸ್ಟ್‌ನಲ್ಲೇ ಲಾರ್ಡ್ಸ್‌ನಲ್ಲಿ 43ಕ್ಕೆ 7 ತೆಗೆದರು. ಕುರ್ಚಿ ತುಂಬಿತು. ಆ್ಯಂಡಿ ಕ್ಯಾಡಿಕ್ ಬೇರೆ ಇದ್ದರು.

ಇನ್ನೊಂದು, ಆಯ್ಕೆದಾರರ ತಲೆಯಲ್ಲಿ ಕೂತ ಒಂದು ಮಾತು: 'ಕೌಂಟಿಗೆ ಸರಿ, ಟೆಸ್ಟ್‌ಗೆ ಸ್ಪೀಡ್ ಸಾಲದು.' ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಆಸ್ಟ್ರೇಲಿಯಾದ ಪಿಚ್ಚಿನಲ್ಲಿ ಕೂಕಬುರಾ ಚೆಂಡಿನ ಹೊಲಿಗೆ ಬೇಗ ಚಪ್ಪಟೆಯಾಗುತ್ತದೆ, 130ರ ಬೌಲರ್‌ಗೆ ಅಲ್ಲಿ ಕಷ್ಟ. ಆದರೆ ಇಂಗ್ಲೆಂಡ್ ಪ್ರತಿ ಬೇಸಿಗೆ ಮನೆಯಲ್ಲೇ ಆರೇಳು ಟೆಸ್ಟ್ ಆಡುತ್ತಿತ್ತಲ್ಲ? ಅದೇ ಡ್ಯೂಕ್ಸ್ ಚೆಂಡು, ಅದೇ ಮೋಡ. ಅಲ್ಲಿಗಾದರೂ ಕರೆಯಬಹುದಿತ್ತು. 1999ರ ಹೊತ್ತಿಗೆ ಬಿಕ್ನೆಲ್ ತಮ್ಮ ಆಟದ ಎತ್ತರದಲ್ಲಿದ್ದರು, ಇಂಗ್ಲೆಂಡ್ ಮನೆಯಲ್ಲೇ ನ್ಯೂಜಿಲೆಂಡಿಗೆ ಸೋಲುತ್ತಿತ್ತು. ಆಗಲೂ ಕರೆ ಬರಲಿಲ್ಲ. ಇದನ್ನು ಮಾತ್ರ ನಾನು ತಪ್ಪು ಅಂತಲೇ ಹೇಳುತ್ತೇನೆ.

ಕೊನೆಯದು ವಯಸ್ಸು. 2000ದಲ್ಲಿ ಕೇಂದ್ರೀಯ ಗುತ್ತಿಗೆ ಬಂತು. ಮಂಡಳಿ ಕೆಲವೇ ಆಟಗಾರರನ್ನು ಆರಿಸಿ ಜೋಪಾನ ಮಾಡತೊಡಗಿತು. 31 ದಾಟಿದ ಬೌಲರ್ ಆ ಯೋಜನೆಯಲ್ಲಿ ಕೂರುವುದಿಲ್ಲ.

ಗಿಲ್ಡ್‌ಫರ್ಡ್‌ನಲ್ಲಿ ಒಂದೇ ಪಂದ್ಯದಲ್ಲಿ 16 ವಿಕೆಟ್ ಅಂತಾರಲ್ಲ, ನಿಜಾನಾ?

ನಿಜ. 2000ನೇ ಇಸವಿ, ಲೆಸ್ಟರ್‌ಶೈರ್ ವಿರುದ್ಧ. ಮೊದಲ ಇನಿಂಗ್ಸ್‌ನಲ್ಲಿ 72ಕ್ಕೆ 7, ಎರಡನೆಯದರಲ್ಲಿ 47ಕ್ಕೆ 9. ಒಟ್ಟು 119 ರನ್ನಿಗೆ 16. ಹುಟ್ಟಿದ ಊರು, ಮಕ್ಕಳು ಹಗ್ಗದ ಪಕ್ಕ ಕೂತು ನೋಡುವಂಥ ಮೈದಾನ. ಅಲ್ಲಿ 20ರಲ್ಲಿ 16 ವಿಕೆಟ್ ಒಬ್ಬರದ್ದೇ. ಉಳಿದ ಬೌಲರ್‌ಗಳು ಸುಮ್ನೆ ನಿಂತು ನೋಡಿದರು ಅಂದರೂ ತಪ್ಪಿಲ್ಲ.

ಸರ್ರೆ ಪರ ಪಂದ್ಯವೊಂದರಲ್ಲಿ ಅತ್ಯುತ್ತಮ ಬೌಲಿಂಗ್ ಟೋನಿ ಲಾಕ್ ಅವರದು, 1956ರಲ್ಲಿ ಕೆಂಟ್ ವಿರುದ್ಧ 83ಕ್ಕೆ 16. ಲಾಕ್ ಸ್ಪಿನ್ನರ್. ಫಾಸ್ಟ್-ಮೀಡಿಯಂ ಬೌಲರ್ ಒಬ್ಬರು ಆ ಸಂಖ್ಯೆಯನ್ನು ಮುಟ್ಟುವುದು ಸಣ್ಣ ಮಾತಲ್ಲ. ಆ ಬೇಸಿಗೆಯ ಆಟಕ್ಕೆ ಕ್ರಿಕೆಟ್ ವಾರ್ಷಿಕ ಪುಸ್ತಕ ವಿಸ್ಡನ್ 2001ರಲ್ಲಿ ಬಿಕ್ನೆಲ್‌ರನ್ನು ವರ್ಷದ ಐವರು ಕ್ರಿಕೆಟಿಗರಲ್ಲಿ ಒಬ್ಬರನ್ನಾಗಿ ಆರಿಸಿತು. ಆ ಐವರಲ್ಲಿ ಕ್ಯಾಡಿಕ್ ಕೂಡ ಇದ್ದರು. ಟೆಸ್ಟ್‌ನಲ್ಲಿ ಯಾರ ಕಾರಣಕ್ಕೆ ಜಾಗ ಸಿಗಲಿಲ್ಲವೋ ಅವರ ಪಕ್ಕದಲ್ಲೇ ಹೆಸರು ಬಂತು.

ಸರ್ರೆ ಚಾಂಪಿಯನ್ ಆಗಿದ್ದು ಇವರಿಂದಾನಾ?

ಇವರೊಬ್ಬರಿಂದ ಅಂದರೆ ಸುಳ್ಳಾಗುತ್ತದೆ. ಅದು ತಾರೆಗಳ ತಂಡ. ಆ್ಯಡಂ ಹೋಲಿಯೋಕ್ ನಾಯಕ, ಅಲೆಕ್ ಸ್ಟೀವರ್ಟ್, ಗ್ರಹಾಂ ಥೋರ್ಪ್, ಮಾರ್ಕ್ ಬುಚರ್, ಸ್ಪಿನ್ನಿಗೆ ಸಕ್ಲೇನ್ ಮುಷ್ತಾಕ್, ಇಯಾನ್ ಸಾಲಿಸ್ಬರಿ. 1971ರ ನಂತರ 28 ವರ್ಷ ಕಾದು 1999ರಲ್ಲಿ ಚಾಂಪಿಯನ್‌ಶಿಪ್ ಗೆದ್ದರು. 2000, 2002ರಲ್ಲಿ ಮತ್ತೆ ಗೆದ್ದರು. 2002ರ ಮಾರ್ಚ್‌ನಲ್ಲಿ ಆ್ಯಡಂ ತಮ್ಮ ಬೆನ್ ಹೋಲಿಯೋಕ್ ಪರ್ತ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದರು. ಆ ವರ್ಷದ ಗೆಲುವಿಗೆ ಬೇರೆಯದೇ ಭಾರ ಇತ್ತು.

ಈ ತಂಡದ ತಾಪತ್ರಯ ಏನೆಂದರೆ, ಅರ್ಧ ಜನ ಯಾವಾಗಲೂ ಇಂಗ್ಲೆಂಡ್ ಡ್ಯೂಟಿಯಲ್ಲಿ ಇರುತ್ತಿದ್ದರು. ಮನೆಯಲ್ಲಿ ಖಾಯಂ ಇದ್ದವರು ಬಿಕ್ನೆಲ್. ಆಯ್ಕೆದಾರರು ಅವರನ್ನು ಬಿಟ್ಟದ್ದು ಸರ್ರೆಗೆ ಲಾಭವೇ ಆಯಿತು. ಓವಲ್ ಪಿಚ್ ಸ್ಪಿನ್ನರ್‌ಗಳಿಗೆ ತಿರುಗುವ ಮೊದಲು ಮೇಲಿನ ಮೂರು ನಾಲ್ಕು ವಿಕೆಟ್ ಎತ್ತಿಕೊಡುವ ಕೆಲಸ ಇವರದ್ದು.

2003ರಲ್ಲಿ ಇದ್ದಕ್ಕಿದ್ದ ಹಾಗೆ ಹೇಗೆ ಕರೆ ಬಂತು?

ಗಾಯಗಳ ಸಾಲು. ದಕ್ಷಿಣ ಆಫ್ರಿಕಾ ವಿರುದ್ಧದ ನಾಲ್ಕನೇ ಟೆಸ್ಟ್‌ಗೆ ಸ್ಟೀವ್ ಹಾರ್ಮಿಸನ್ ಇರಲಿಲ್ಲ. ಪಂದ್ಯ ಎಲ್ಲಿ? ಮತ್ತೆ ಹೆಡಿಂಗ್ಲಿ. ಹತ್ತು ವರ್ಷದ ಹಿಂದೆ 50 ಓವರ್ ಹಾಕಿ ಬಸವಳಿದಿದ್ದ ಅದೇ ಮೈದಾನ. ವಯಸ್ಸು 34. ನಾಯಕ ಈಗ ಮೈಕಲ್ ವಾನ್.

ಓಡಿಬಂದು ಒಂದು ಚೆಂಡು ಹಾಕಿದರು. ಎರಡನೇ ಚೆಂಡಿಗೆ ಹರ್ಷಲ್ ಗಿಬ್ಸ್ ಔಟ್. ಹತ್ತು ವರ್ಷ, ತಪ್ಪಿಹೋದ 114 ಟೆಸ್ಟ್, ಎರಡು ಚೆಂಡು. ದಕ್ಷಿಣ ಆಫ್ರಿಕಾ 21ಕ್ಕೆ 4. ಆದರೆ ಗ್ಯಾರಿ ಕರ್ಸ್ಟನ್ 130 ಹೊಡೆದು ತಂಡವನ್ನು 342ಕ್ಕೆ ಎಳೆದುಕೊಂಡು ಹೋದರು. (ನಮ್ಮ 2011ರ ವಿಶ್ವಕಪ್ ಕೋಚ್, ಅವರೇ.) ಇಂಗ್ಲೆಂಡ್ 191 ರನ್ನಿನಿಂದ ಸೋತಿತು.

ಕೊನೆಯ ಟೆಸ್ಟ್ ಓವಲ್‌ನಲ್ಲಿ. ದಕ್ಷಿಣ ಆಫ್ರಿಕಾ 484 ಹೊಡೆದಾಗ ಸರಣಿ ಕೈಬಿಟ್ಟಿತು ಅಂದುಕೊಂಡವರೇ ಜಾಸ್ತಿ. ಇಂಗ್ಲೆಂಡ್ 9ಕ್ಕೆ 604 ಮಾಡಿತು. ಟ್ರೆಸ್ಕೋಥಿಕ್ 219, ಥೋರ್ಪ್ 124, ಫ್ಲಿಂಟಾಫ್ 95. ಎರಡನೇ ಇನಿಂಗ್ಸ್‌ನಲ್ಲಿ ಬಿಕ್ನೆಲ್ 84ಕ್ಕೆ 4, ಹಾರ್ಮಿಸನ್ 33ಕ್ಕೆ 4, ದಕ್ಷಿಣ ಆಫ್ರಿಕಾ 229ಕ್ಕೆ ಆಲೌಟ್. ಇಂಗ್ಲೆಂಡ್ 9 ವಿಕೆಟ್ ಗೆಲುವು, ಸರಣಿ 2-2. ಆ ಹನ್ನೊಂದರಲ್ಲಿ ನಾಲ್ವರು ಸರ್ರೆಯವರು: ಬುಚರ್, ಥೋರ್ಪ್, ಸ್ಟೀವರ್ಟ್, ಬಿಕ್ನೆಲ್. ಸ್ಟೀವರ್ಟ್‌ಗೆ ಅದು ಕೊನೆಯ ಟೆಸ್ಟ್. 1993ರ ಹೆಡಿಂಗ್ಲಿಯಲ್ಲೂ ಸ್ಟೀವರ್ಟ್, ಥೋರ್ಪ್, ಬಿಕ್ನೆಲ್ ಮೂವರೂ ಇದ್ದರು ಅನ್ನುವುದನ್ನು ಜನ ಮರೆಯುತ್ತಾರೆ.

ಅಷ್ಟು ಚೆನ್ನಾಗಿ ಆಡಿದ ಮೇಲೂ ಯಾಕೆ ಕೈಬಿಟ್ರು?

ಮುಂದಿನ ಪ್ರವಾಸ ಬಾಂಗ್ಲಾದೇಶ, ಶ್ರೀಲಂಕಾ. ಅಲ್ಲಿನ ಸೆಕೆ, ಒಣ ಪಿಚ್, ಕೂಕಬುರಾ ಚೆಂಡು. 35ಕ್ಕೆ ಕಾಲಿಡುತ್ತಿದ್ದ ಸ್ವಿಂಗ್ ಬೌಲರನ್ನು ಕರೆದುಕೊಂಡು ಹೋಗಲಿಲ್ಲ. ಈ ಸಲ ಆಯ್ಕೆದಾರರ ಲೆಕ್ಕ ನನಗೆ ಅರ್ಥವಾಗುತ್ತದೆ. ಮುಂದೆ ಹಾರ್ಮಿಸನ್, ಹೊಗಾರ್ಡ್, ಜೋನ್ಸ್, ಫ್ಲಿಂಟಾಫ್ ಸೇರಿ 2005ರ ಆ್ಯಶಸ್ ಗೆದ್ದರಲ್ಲ. ಓವಲ್ ಗೆಲುವೇ ಬಿಕ್ನೆಲ್ ಕೊನೆಯ ಟೆಸ್ಟ್. ಒಟ್ಟು 14 ವಿಕೆಟ್: 1993ರ ಎರಡರಲ್ಲಿ 4, 2003ರ ಎರಡರಲ್ಲಿ 10.

ಬ್ಯಾಟಿಂಗ್ ಬರ್ತಿತ್ತಾ?

ಬರುತ್ತಿತ್ತು. ಎಂಟನೇ ಕ್ರಮಾಂಕಕ್ಕೆ ತಕ್ಕದ್ದಕ್ಕಿಂತ ಚೆನ್ನಾಗಿಯೇ. ಪ್ರಥಮ ದರ್ಜೆಯಲ್ಲಿ ಶತಕಗಳನ್ನೂ ಹೊಡೆದಿದ್ದಾರೆ.

ಈಗ ಏನ್ಮಾಡ್ತಿದ್ದಾರೆ?

2006ರಲ್ಲಿ ಆಟ ಬಿಟ್ಟ ಮೇಲೆ ಚಾರ್ಟರ್‌ಹೌಸ್ ಶಾಲೆಯಲ್ಲಿ ಕ್ರಿಕೆಟ್ ಉಸ್ತುವಾರಿ ವಹಿಸಿಕೊಂಡರು. ಶಾಲೆ ಇರುವುದು ಗೊಡಾಲ್ಮಿಂಗ್‌ನಲ್ಲಿ, ಗಿಲ್ಡ್‌ಫರ್ಡಿಗೆ ಪಕ್ಕದ ಊರು. ಹುಟ್ಟಿದ್ದು, ಆಡಿದ್ದು, ಕಲಿಸಿದ್ದು ಎಲ್ಲ ಒಂದೇ ಸೀಮೆಯಲ್ಲಿ.

## ಸ್ವಲ್ಪ ಒಳಗೆ ಇಳಿದವರಿಗೆ

114 ಅನ್ನೋ ಲೆಕ್ಕ ಹೇಗೆ ಬಂತು? ಅದು ವಿಶ್ವದಾಖಲೆನಾ?

ಒಬ್ಬ ಆಟಗಾರನ ಎರಡು ಟೆಸ್ಟ್‌ಗಳ ನಡುವೆ ಅವನ ದೇಶ ಆಡಿದ ಟೆಸ್ಟ್‌ಗಳನ್ನು ಎಣಿಸುತ್ತಾರೆ. ಎಜ್‌ಬಾಸ್ಟನ್ 1993ರಿಂದ ಹೆಡಿಂಗ್ಲಿ 2003ರ ನಡುವೆ ಇಂಗ್ಲೆಂಡ್ ಆಡಿದ್ದು 114. ಆಗ ಅದೇ ದಾಖಲೆ. 2016ರಲ್ಲಿ ಗ್ಯಾರೆತ್ ಬ್ಯಾಟಿ 142 ಟೆಸ್ಟ್ ತಪ್ಪಿಸಿಕೊಂಡು ಚಿತ್ತಗಾಂಗ್‌ನಲ್ಲಿ ಮರಳಿದರು. ಅವರೂ ಸರ್ರೆಯವರೇ! ಓವಲ್ ನೀರಿನಲ್ಲಿ ಏನೋ ಇರಬೇಕು. ಆಮೇಲೆ ಉನಾದ್ಕತ್ 118.

ಈ ಲೆಕ್ಕದಲ್ಲಿ ಒಂದು ಮೋಸ ಇದೆ. ಜಾಸ್ತಿ ಟೆಸ್ಟ್ ಆಡುವ ದೇಶದವರಿಗೆ ಈ ಸಂಖ್ಯೆ ಬೇಗ ಏರುತ್ತದೆ. ಬ್ಯಾಟಿ ಕಾದಿದ್ದು ಹನ್ನೊಂದು ವರ್ಷ, ಉನಾದ್ಕತ್ ಹನ್ನೆರಡು. ಆದರೂ ಪಟ್ಟಿಯಲ್ಲಿ ಬ್ಯಾಟಿ ಮೇಲೆ.

ಕುಂಬ್ಳೆ ಇವರ ಜೊತೆ ಆಡಿದಾರಂತೆ ಹೌದಾ?

ಕುಂಬ್ಳೆ 2006ರಲ್ಲಿ ಸರ್ರೆಗೆ ಆಡಿದರು. ಅದೇ ಬಿಕ್ನೆಲ್ ಕೊನೆಯ ಸೀಸನ್. ಮರುವರ್ಷ ಭಾರತದ ಪರ ಅದೇ ಓವಲ್‌ನಲ್ಲಿ ಕುಂಬ್ಳೆ ಔಟಾಗದೆ 110 ಹೊಡೆದದ್ದು ನಿಮಗೆ ಗೊತ್ತೇ ಇದೆ.

ಅದಕ್ಕೂ ಮೊದಲು ನಮ್ಮವರು ಅಲ್ಲಿ ಎದುರಾಳಿಗಳು. 1995ರ ಬೇಸಿಗೆ ಕರ್ನಾಟಕದ ಬೇಸಿಗೆ ಅಂತಲೇ ಹೇಳಬಹುದು. ಕುಂಬ್ಳೆ ನಾರ್ಥಾಂಪ್ಟನ್‌ಶೈರ್‌ಗೆ 105 ವಿಕೆಟ್, ಜಾವಗಲ್ ಶ್ರೀನಾಥ್ ಗ್ಲಾಸ್ಟರ್‌ಶೈರ್‌ಗೆ 87. 2000ದಲ್ಲಿ ಕುಂಬ್ಳೆ ಲೆಸ್ಟರ್‌ಶೈರ್‌ನಲ್ಲಿ, ದ್ರಾವಿಡ್ ಕೆಂಟ್‌ನಲ್ಲಿ. ಎರಡೂ ಸರ್ರೆ ಇದ್ದ ಮೊದಲ ಡಿವಿಷನ್‌ನಲ್ಲೇ ಇದ್ದವು.

ನಮ್ಮ ವಿನಯ್ ಕುಮಾರ್‌ಗೆ ಹೋಲಿಸಬಹುದಾ?

ನನಗೆ ಬಿಕ್ನೆಲ್ ಅಂದ ಕೂಡಲೇ ನೆನಪಾಗುವುದೇ ವಿನಯ್. ದಾವಣಗೆರೆಯವರು, ಪ್ರಥಮ ದರ್ಜೆಯಲ್ಲಿ 504 ವಿಕೆಟ್, ಟೆಸ್ಟ್ ಒಂದೇ. ಅದೂ ಎಲ್ಲಿ? 2012ರ ಜನವರಿಯಲ್ಲಿ ಪರ್ತ್. ಡೇವಿಡ್ ವಾರ್ನರ್ ಮೈಮೇಲೆ ಬಂದವರಂತೆ 180 ಹೊಡೆದ ಪಂದ್ಯ. 13 ಓವರ್, 73 ರನ್, 1 ವಿಕೆಟ್, ಮುಗೀತು. ಅದಕ್ಕೂ 'ಸ್ಪೀಡ್ ಸಾಲದು' ಅಂತಲೇ ತೀರ್ಪು. ಆಮೇಲೆ 2013-14, 2014-15 ಎರಡು ಸಲ ಸತತವಾಗಿ ಕರ್ನಾಟಕಕ್ಕೆ ರಣಜಿ ಗೆದ್ದುಕೊಟ್ಟ ನಾಯಕ ಇವರೇ.

ವ್ಯತ್ಯಾಸವೂ ಇದೆ. ಬಿಕ್ನೆಲ್ ಕೈಗೆ ಡ್ಯೂಕ್ಸ್ ಚೆಂಡು, ಇಂಗ್ಲೆಂಡಿನ ಮೋಡ ಸಿಕ್ಕಿತ್ತು. ವಿನಯ್ ಭಾರತದಲ್ಲಿ ಬಳಸುವ ಎಸ್‌ಜಿ ಚೆಂಡಿನಲ್ಲಿ, ಬಹಳ ಸಲ ರಸ್ತೆಯಂಥ ಪಿಚ್ಚಿನಲ್ಲಿ ದುಡಿದರು. ವಿಕೆಟ್ ಸಂಖ್ಯೆ ಅರ್ಧಕ್ಕಿಂತ ಕಡಿಮೆ ಇದೆ ಅಂತ ಕಡೆಗಣಿಸಬೇಡಿ. ರಣಜಿಯಲ್ಲಿ ವರ್ಷಕ್ಕೆ 17 ಪಂದ್ಯ ಎಲ್ಲಿ ಸಿಗುತ್ತದೆ?

ಇಂಥ ದುರದೃಷ್ಟದವರು ಇಂಗ್ಲೆಂಡಲ್ಲಿ ಬೇರೆ ಯಾರಾದ್ರೂ ಇದ್ರಾ?

ಬೇಕಾದಷ್ಟು. ಡರ್ಬಿಶೈರ್‌ನ ಲೆಸ್ ಜಾಕ್ಸನ್ 1733 ವಿಕೆಟ್ ತೆಗೆದರು, ಸರಾಸರಿ 17ರ ಆಸುಪಾಸು. ಟೆಸ್ಟ್ ಎರಡೇ: ಒಂದು 1949ರಲ್ಲಿ, ಇನ್ನೊಂದು 1961ರಲ್ಲಿ. ಹ್ಯಾಂಪ್‌ಶೈರ್‌ನ ಡೆರೆಕ್ ಶ್ಯಾಕಲ್ಟನ್ ಸತತ 20 ಸೀಸನ್ ನೂರು ವಿಕೆಟ್ ತೆಗೆದವರು, ಒಟ್ಟು 2857. ಅವರಿಗೂ 1951ರ ನಂತರ ಮುಂದಿನ ಟೆಸ್ಟ್ 1963ರಲ್ಲಿ. ಇವರ ಮುಂದೆ ಬಿಕ್ನೆಲ್ ಕತೆ ಅಷ್ಟೇನೂ ವಿಚಿತ್ರವಲ್ಲ. ಪಟ್ಟಿ ಮಾಡುವವರಿಗೆ 114 ಅನ್ನುವ ಸಂಖ್ಯೆ ಸಿಕ್ಕಿತು, ಅಷ್ಟೇ.

ಸಂಖ್ಯೆಯ ಗಲಾಟೆಯಲ್ಲಿ ಹಿಂದೆ ಬೀಳುವುದು ಇನ್ನೊಂದು ಲೆಕ್ಕ. 292 ಪಂದ್ಯಕ್ಕೆ 1061 ವಿಕೆಟ್, ಅಂದರೆ ಪ್ರತಿ ಪಂದ್ಯಕ್ಕೆ ಮೂರೂವರೆಗಿಂತ ಜಾಸ್ತಿ, ಇಪ್ಪತ್ತು ವರ್ಷ ಬಿಡದೆ. ನನ್ನನ್ನು ಕೇಳಿದರೆ ಬಿಕ್ನೆಲ್ ಕೆಲಸ ಅದು. ಟೆಸ್ಟ್ ಆಡಿದ್ದು ಆ ಕೆಲಸದ ನಡುವೆ ನಾಲ್ಕು ಸಲ ಬಂದ ನೆಂಟರು.

ಈಗಿನ ಕಾಲದಲ್ಲಿ ಯಾರಾದ್ರೂ ಸಾವಿರ ವಿಕೆಟ್ ತೆಗೀಬಹುದಾ?

ಕಷ್ಟ. ಈಗ ಕೌಂಟಿಗೆ ವರ್ಷಕ್ಕೆ 14 ಪಂದ್ಯ. ಆಗಸ್ಟ್‌ನ ಒಳ್ಳೆ ಬಿಸಿಲನ್ನು 2021ರಿಂದ ನೂರು ಚೆಂಡಿನ ಟೂರ್ನಿ 'ದಿ ಹಂಡ್ರೆಡ್' ತೆಗೆದುಕೊಂಡಿದೆ. ನಾಲ್ಕು ದಿನದ ಪಂದ್ಯಗಳು ಹೆಚ್ಚಾಗಿ ಏಪ್ರಿಲ್, ಮೇ, ಸೆಪ್ಟೆಂಬರ್‌ಗೆ ಸರಿದಿವೆ. ಚಳಿ, ಒದ್ದೆ ಪಿಚ್ ಇದ್ದರೆ ಮೀಡಿಯಂ ಬೌಲರ್‌ಗಳಿಗೆ ಹಬ್ಬ ನಿಜ. ಇದು ಜಾಸ್ತಿಯಾಯಿತು ಅಂತಲೇ 2023ರಲ್ಲಿ ಶುರು ಮಾಡಿ ಕೆಲವು ಸುತ್ತುಗಳಲ್ಲಿ ಕೂಕಬುರಾ ಚೆಂಡು ಕೊಟ್ಟು ನೋಡಿದರು. ಹೊಸ ಹುಡುಗರಿಗೋ ನಾಲ್ಕು ಓವರ್ ಹಾಕಿದರೆ ಜಾಸ್ತಿ ದುಡ್ಡು. 50 ಓವರ್ ಯಾರು ಹಾಕುತ್ತಾರೆ?

ಅವರ ಬೌಲಿಂಗ್ ವಿಡಿಯೋ ನೋಡೋದಾದ್ರೆ ಏನನ್ನ ಗಮನಿಸ್ಬೇಕು?

2003ರ ಓವಲ್ ಟೆಸ್ಟ್‌ನ ಎರಡನೇ ಇನಿಂಗ್ಸ್ ಹುಡುಕಿ. ಮೊದಲ ಸಲ ನೋಡುವಾಗ ಎಲ್ಲರ ಕಣ್ಣೂ ಸ್ಟಂಪಿನ ಮೇಲಿರುತ್ತದೆ. ಎರಡನೇ ಸಲ ಓಟವನ್ನು ನೋಡಿ. ಆತುರವಿಲ್ಲ, ಬಸ್ ಹಿಡಿಯಲು ಸ್ವಲ್ಪ ಬೇಗ ನಡೆದ ಹಾಗಿದೆ. ಮೂರನೇ ಸಲ ಚೆಂಡು ಬಿಡುವ ಹೊತ್ತಿಗೆ ನಿಲ್ಲಿಸಿ ಬಲಗೈ ಮಣಿಕಟ್ಟು ನೋಡಿ. ಆಮೇಲೆ ಅದೇ ಓವರಿನ ಇನ್ನೊಂದು ಚೆಂಡಿಗೆ ಹೋಗಿ ಅಲ್ಲೂ ನಿಲ್ಲಿಸಿ. ಎರಡು ಚಿತ್ರ ಪಕ್ಕ ಪಕ್ಕ ಇಟ್ಟರೆ ಯಾವುದು ಯಾವ ಚೆಂಡು ಅಂತ ನನಗಂತೂ ಹೇಳಲು ಆಗಲಿಲ್ಲ.